ಹೆಬ್ಬೆಟ್ಟು

ಶಿಡ್ಲಘಟ್ಟದ ಕೋರ್ಟಿನ ಜವಾನ ಮೂರು ಸಲ ಕೂಗಿದ:
ಗಂಗುಲಮ್ಮಾ, ಕೋಂ ಲೇಟ್ ಚೌಡಪ್ಪಾ.
ಸತ್ತು ಒಂಬತ್ತು ವರ್ಷವಾದವನು
ನನ್ನ ಹಿಂದೆಯೇ ಕಟಕಟೆ ಹತ್ತಿದ.

ದೇವರ ಹೆಸರಲ್ಲಿ ಹೇಳಿ ಅಂದರು. ಹೇಳಿದೆ.
ಎಣಿಸುವುದು, ಬೈಯುವುದು, ಕನಸು, ಎಲ್ಲ ತೆಲುಗು ನನಗೆ;
ಸತ್ಯವನ್ನೇ ಹೇಳುತ್ತೇನೆ ಅನ್ನುವ ಮಾತು
ಯಾರದೋ ಮನೆಯ ಸ್ಟೀಲ್ ಲೋಟದ ಹಾಗೆ
ತುಟಿಗೆ ತಣ್ಣಗೆ ತಾಕಿತು.

ಎದುರು ಬೆಂಚಿನಲ್ಲಿ ಫಿಲೇಚರಿನ ಸಾಹುಕಾರರು.
ಕೈ ಮುಗಿಯಲು ಎದ್ದ ಕೈಯನ್ನು
ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ.
ಅವರ ಪುಸ್ತಕದಲ್ಲಿ ಇನ್ನೂ
ಹದಿನಾಲ್ಕು ಸಾವಿರ ಇದ್ದೇನೆ ನಾನು.

'ಬೀಗ ಹೊರಗಿತ್ತು ಅಂತೀರಿ. ಒಳಗಿದ್ದವರು ಹೇಗೆ ನೋಡಿದಿರಿ?'

ನೋಡಲಿಲ್ಲ ಸ್ವಾಮಿ, ಕೇಳಿಸಿಕೊಂಡೆ.
ಹನ್ನೊಂದು ವರ್ಷ ದಿನಾ ರಾತ್ರಿ ಕೇಳಿದ ಬೀಗ.
ಮೊದಲು ಚಿಲಕ ಕೆರೆಯುತ್ತದೆ,
ಆಮೇಲೆ ಹಲ್ಲಲ್ಲಿ ಅಡಿಕೆ ಕಡಿದ ಹಾಗೆ ಒಂದು ಸದ್ದು,
ಆಮೇಲೆ ಅವರ ಚಪ್ಪಲಿ.
ಅವತ್ತು ಹೊಗೆ ತುಂಬಿದಾಗ ಆಸಿಯಾ, ಹದಿನೈದರ ಹುಡುಗಿ,
ಆ ಬಾಗಿಲನ್ನು ಬಡಿದದ್ದೂ...

'ಕೇಳಿದ್ದಕ್ಕೆ ಮಾತ್ರ ಹೇಳಮ್ಮ.'

ಜಡ್ಜ್ ಸಾಹೇಬರು ಹೇಳಿದರು, ಟೈಪಿಸ್ಟ್ ಹುಡುಗಿ ಒತ್ತಿದಳು:
ಸದರಿ ಸಾಕ್ಷಿಯು ಬೀಗವನ್ನು ಕಣ್ಣಾರೆ ನೋಡಿರುವುದಿಲ್ಲ.
ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ.
ಬಡಿತ ಮಾತ್ರ ಅದರಲ್ಲಿರಲಿಲ್ಲ.
ಸರಕಾರದ ವಕೀಲರ ಮುಖ ನೋಡಿದೆ;
ಅವರು ಮುಂದಿನ ಫೈಲಿನ ದಾರ ಬಿಚ್ಚುತ್ತಿದ್ದರು.

ಬರ್ಕೊಳ್ಳಿ ಸ್ವಾಮಿ, ಬಡಿದಳು ಅಂತ.

ಫ್ಯಾನೊಂದೇ ತಿರುಗುತ್ತಿತ್ತು.
ಸಾಹೇಬರು ಕನ್ನಡಕ ತೆಗೆದರು. 'ಎಷ್ಟು ಸಲ?'

ನೆಲಕ್ಕೆ ಮುಖ ಒತ್ತಿ ಎಣಿಸಿದ್ದೆ.
ಎದ್ದು ಹೋಗಲಿಲ್ಲ, ಎಣಿಸಿದೆ.
ಪದ್ದೆನಿಮಿದಿ, ಅಂದೆ.
ಟೈಪಿಸ್ಟಿನ ಬೆರಳು ನಿಂತವು.
ಅವರೇ ಮೆಲ್ಲಗೆ, 'ಹದಿನೆಂಟು. ಬರಿಯಮ್ಮ.'

ಕೊನೆಗೆ ಶಾಯಿ. ಗುಮಾಸ್ತ ನನ್ನ ಹೆಬ್ಬೆಟ್ಟು ಹಿಡಿದು ಒತ್ತಿದ,
ಒರೆಸಿದ, ಮತ್ತೆ ಒತ್ತಿದ.
'ಗೆರೇನೇ ಮೂಡ್ತಿಲ್ವಲ್ಲಮ್ಮ.'
ಕುದಿನೀರಲ್ಲಿ ಗೂಡು ತಡವಿ ತಡವಿ
ಎಳೆಯ ತುದಿ ಹುಡುಕಿದ ಬೆರಳಪ್ಪ ಇದು,
ಗೆರೆ ಯಾವ ಬಾಂಡ್ಲಿಯಲ್ಲಿ ಬಿತ್ತೋ.

ಮೂರನೇ ಸಲ ಕಾಗದಕ್ಕೆ ಬಿದ್ದದ್ದು
ನುಣ್ಣನೆಯ ಒಂದು ನೀಲಿ ಗೂಡು.
ಪಕ್ಕದಲ್ಲಿ ಬರೆದ:
ಇದು ಗಂಗುಲಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು.

ನನ್ನದೇ ಅನ್ನುವುದಕ್ಕೆ
ಇನ್ನು ಯಾರನ್ನು ಕೂಗುತ್ತಾರೋ,
ಮೂರು ಸಲ.