ಪೂರ್ತಿ ಒಂದು ನಿಮಿಷ

ಅಕ್ಕಲಕೋಟ ರಸ್ತೆಯ ಟವೆಲ್ ಕಾರ್ಖಾನೆ,
ರಾತ್ರಿ ಎಂಟರಿಂದ ಬೆಳಗಿನ ಆರು.
ಆರೂವರೆಗೆ ನಳದ ಕೆಳಗೆ ತಲೆ.
ಕೂದಲೊಳಗಿನ ಹತ್ತಿ ತೊಳೆದರೂ ಹೋಗದು,
ಬಿಳಿ ಯೂನಿಫಾರ್ಮಿನ ಮೇಲೆ ಉದುರಿದರೆ
ಯಾರಿಗೂ ಕಾಣದು, ಅಷ್ಟೇ ಪುಣ್ಯ.

ಫೀಸಿನ ಎರಡನೇ ಕಂತು
ದೀಪಾವಳಿ ಬೋನಸ್ಸಿನ ಮೇಲೆ ನಿಂತಿದೆ.
ಪುಸ್ತಕ ಇಂಗ್ಲಿಷು, ಸಿಸ್ಟರು ಮರಾಠಿ,
ವಾರ್ಡಿನ ಅರ್ಧ ನೋವು ತೆಲುಗು.
ನಿದ್ದೆ ಮಾತ್ರ ಕನ್ನಡ,
ಅದೂ ಬಸ್ಸಿನಲ್ಲಿ, ಕಂಬಿ ಹಿಡಿದು.

ಇವತ್ತು ಹನ್ನೊಂದನೇ ಕಾಟಿನ ರಾಜಮಲ್ಲು ಅಜ್ಜನ
ಮಣಿಕಟ್ಟು ಹಿಡಿದು ಎಣಿಸುತ್ತಿದ್ದೆ.
ನಲವತ್ತರ ತನಕ ಅದು ನಾಡಿ.
ಆಮೇಲೆ ಯಾವಾಗಲೋ ಮಗ್ಗವಾಯಿತು.
ಖಟ್ ಖಟ್, ಎಳೆ ಕಡಿದರೆ ನಿಲ್ಲಿಸು, ಗಂಟು ಹಾಕು, ಬಿಡು...
ಕಣ್ಣು ಬಿಟ್ಟಾಗ ನೂರಾ ಎಂಬತ್ತರಲ್ಲಿದ್ದೆ.

ಅಜ್ಜ ನಕ್ಕ. ಮಗ್ಗದ ಮುಂದೆಯೇ ಮುದುಕನಾದವನು,
ನನ್ನ ಬೆರಳ ತುದಿಯ ಜಡ್ಡು ಸವರಿ
'ಯಾವ ಪಾಳಿ?' ಎಂದ.
'ರಾತ್ರಿದು.'
'ಎಪ್ಪತ್ತೆರಡು ಅಂತ ಬರಿ ತಂಗಿ,
ಎಲ್ಲಾರೂ ಅದನ್ನೇ ಬರೀತಾರ.'

ಹೌದು. ಮೇಲಿನ ಸಾಲುಗಳಲ್ಲಿ ನಿನ್ನೆ, ಮೊನ್ನೆ,
ಬೇರೆ ಬೇರೆ ಕೈಬರಹದಲ್ಲಿ
ಎಪ್ಪತ್ತೆರಡು, ಎಪ್ಪತ್ತೆರಡು.
ಒಂದು ನನ್ನದೂ ಇತ್ತು.

ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ.
ಸ್ಟೂಲನ್ನು ಕಾಲಿಂದ ದೂರ ತಳ್ಳಿ ನಿಂತೆ.
ಗೋಡೆ ಗಡಿಯಾರದ ಕೆಂಪು ಮುಳ್ಳು
ಹನ್ನೆರಡಕ್ಕೆ ಬರುವ ತನಕ ಕಾದು
ಮತ್ತೆ ಹಿಡಿದೆ.

ತೊಂಬತ್ತಾರು.
ನಡುನಡುವೆ ಒಂದೊಂದು ಎಳೆ ತಪ್ಪುತ್ತಿದೆ.

ಕಾಂಬಳೆ ಸಿಸ್ಟರನ್ನು ಕೂಗಿದೆ.