ಯಜಮಾನ ಎಂಬ ಕಾಲಮ್ಮು

ಬ್ಯಾಲರಾಟ್‌ನಲ್ಲಿ ಜುಲೈ ಎಂದರೆ
ಹಲ್ಲು ಕಟಕಟ ಅನ್ನುವ ತಿಂಗಳು.
ಮುದ್ರಿಸಿಟ್ಟ ಕರೆ ನಾಲ್ಕು ನಿಮಿಷ, ಹನ್ನೆರಡು ಸೆಕೆಂಡು.
ಅದನ್ನು ಮೂರು ಸಲ ಕೇಳಿದೆ.

ಹೆಸರು ನೊಯೆಲೀನ್, ವೆಂಡೂರಿಯಿಂದ.
"ರಾತ್ರಿ ಎರಡಕ್ಕೆ ಹೀಟರು ತಾನೇ ಆರುತ್ತೆ.
ಎದ್ದು ಹಚ್ಚಿದರೆ ಮತ್ತೆ ಆರುತ್ತೆ.
ಬೆಳಗ್ಗೆ ಅವನ ಮೆಸೇಜು:
ಚಳಿಯಾಯ್ತಾ?"
ಆಮೇಲೆ ಮಾತಿಲ್ಲ. ಹಿಂದೆಲ್ಲೋ ಕೆಟಲ್ಲು ಕುದಿಯುವ ಸದ್ದು.
ಅವನು ಮನೆ ಬಿಟ್ಟು ಏಳು ತಿಂಗಳಂತೆ,
ಈಗ ಪರ್ತ್‌ನಲ್ಲಂತೆ.

ನಮ್ಮ ಹುಡುಗ ಬರೆದುಕೊಟ್ಟದ್ದನ್ನು ಓದಿದ,
ವಿನಯದಿಂದ, ಒಂದಕ್ಷರ ತಪ್ಪದೆ:
"ದಯವಿಟ್ಟು ಖಾತೆಯ ಓನರನ್ನು ಸಂಪರ್ಕಿಸಿ."

ಓನರ್ ಅಂದರೆ ನನ್ನ ಭಾಷೆಯಲ್ಲಿ ಯಜಮಾನ.
ಯಜಮಾನರು ಅಂದರೆ ಗಂಡ.
ನನ್ನ ಚಿಕ್ಕಮ್ಮ ಚಿಕ್ಕಪ್ಪನ ಹೆಸರೆತ್ತದೆ
ಐವತ್ತು ವರ್ಷ ಆ ಒಂದು ಪದದಲ್ಲೇ ಸಂಸಾರ ತೂಗಿಸಿದಳು.
ಅದೇ ಪದ
ಸಮುದ್ರ ದಾಟಿ, ವೇಷ ಬದಲಿಸಿ
ನಮ್ಮ ಡೇಟಾಬೇಸಿನ ಮೊದಲ ಕಾಲಮ್ಮಿನಲ್ಲಿ ಕೂತಿತ್ತು.
ಕೂರಿಸಿದವಳು ನಾನೇ.
ಮೂರು ವರ್ಷದ ಹಿಂದೆ, ಒಂದು ಶುಕ್ರವಾರ,
ಊಟಕ್ಕೆ ಹೊತ್ತಾಗಿತ್ತು.

ಮಂಗಳವಾರದ ಮೀಟಿಂಗಿನಲ್ಲಿ ಕರೆಯನ್ನು ಕೇಳಿಸಿದೆ.
ಲಾಕ್ಲನ್ ಕೆಟ್ಟವನಲ್ಲ, ಲೆಕ್ಕದವನು.
"ಎಡ್ಜ್ ಕೇಸು," ಅಂದ, "ಸಾವಿರಕ್ಕೊಂದು."
ಅಂಚೇ ಅಲ್ಲವಾ ಲಾಕ್ಲನ್
ನೆಲಕ್ಕೆ ತಾಗುವುದು, ಮೊದಲು ಸವೆಯುವುದು?
ಅವನಿಗೆ ಸೀರೆ ಗೊತ್ತಿಲ್ಲ.
ತನ್ನ ಪ್ಯಾಂಟಿನ ತುದಿ ನೋಡಿಕೊಂಡ.

ಬರೆದದ್ದು ಹನ್ನೊಂದೇ ಸಾಲು:
ಗೋಡೆಯ ಗುಂಡಿ ಒತ್ತಿದ ಬೆರಳು
ದೂರದ ಫೋನನ್ನು ಗೆಲ್ಲಬೇಕು. ಅಷ್ಟೇ.
ಚಳಿ ಯಾರ ಮೈಗೋ
ಮಾತು ಅವರದೇ ನಡೆಯಬೇಕು.
ಅದು ಹೊರಬೀಳಲು ಐದು ವಾರ ಹಿಡಿಯಿತು,
ನಾಲ್ಕು ಸಹಿ, ಒಬ್ಬ ವಕೀಲ.

ಸುದ್ದಿ ತಿಳಿಸಲು ನಾನೇ ಫೋನು ಮಾಡಿದೆ.
"ಅಯ್ಯೋ, ಅದನ್ನ ಬೆಣ್ಣೆ ಚಾಕುವಲ್ಲಿ ಮೀಟಿ
ಯಾವತ್ತೋ ಕಿತ್ತು ಹಾಕಿದೆ, ಲವ್," ಅಂದಳು ನೊಯೆಲೀನ್.
"ಗೋಡೆಲಿ ತೂತು ಬಿದ್ದಿದೆ. ಗಾಳಿ ನುಗ್ಗುತ್ತೆ.
ಕಾಲ್ಚೀಲ ತುರುಕಿದ್ದೀನಿ."
ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

"ನಿಮ್ಮ ಆಫೀಸಲ್ಲಿ ಹೆಂಗಸರೂ ಇದ್ದೀರಾ?"
ಇದ್ದೀವಿ, ಅಂದೆ.
"ಮತ್ತೆ ಮೊದಲೇ ಯಾಕೆ…" ಅಂತ ಶುರುಮಾಡಿದಳು.
ನಿಲ್ಲಿಸಿದಳು.
ಬೈಯಬಹುದಿತ್ತು.
"ಬೆಚ್ಚಗಿರು," ಅಂತ ಹೇಳಿ ಇಟ್ಟಳು.

ಆ ಕರೆಯೂ ಮುದ್ರಣವಾಗಿದೆ, ನಿಯಮದ ಪ್ರಕಾರ.
ಅದನ್ನು ಮಾತ್ರ
ಮತ್ತೆ ಕೇಳಿಲ್ಲ.