ಮುನ್ನೂರ ಮೂವತ್ತು ಗ್ರಾಮು

ಹಗಲೆಲ್ಲ ನನ್ನ ಕಣ್ಣು ಸಾವಿರ ಪಟ್ಟಿನ ಚಾಕರಿಯಲ್ಲಿ.
ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ
ಗಾಜಿನ ತುಂಡಿನ ಮೇಲೆ ಯಾರದೋ ಜ್ವರದ ಒಂದು ಹನಿ,
ಅದರ ಮೇಲೆ ಎಣ್ಣೆಯ ಒಂದು ಹನಿ,
ನೇರಳೆ ಬಣ್ಣ ಹಿಡಿದ ಉಂಗುರ ಹುಡುಕುತ್ತ
ಹನ್ನೊಂದು ವರ್ಷ.
ಗಂಗಾವತಿಯ ಸುತ್ತ ಇಷ್ಟೊಂದು ಗುಡ್ಡ ಇವೆಯೆಂದು
ನೆನಪಿಸಿದವಳು ಎಕ್ಸರೇ ಕೋಣೆಯ ಹುಲಿಗೆಮ್ಮ:
"ಐತವಾರ ಹೋಗಾನು ನಡ್ರಿ ಅಕ್ಕಾ. ಬಂಡಿಗಲ್ಲಿನ ಸಂದಿಗೆ
ಹಳದಿ ಕೊರಳಿನ ಪಿಕಳಾರ ಐತಂತ,
ಇಂಥಾ ಕಲ್ಲುಗುಡ್ಡ ಬಿಟ್ಟು ಬ್ಯಾರೆ ಕಡೆ ಬಾಳೇವು ಮಾಡಂಗಿಲ್ಲಂತ."

ಐದು ಭಾನುವಾರ ಏರಿದೆವು, ಐದು ಭಾನುವಾರ ಇಳಿದೆವು.
ಕೇಳಿದ್ದು ಕೂಗು.
ಕಂಡದ್ದು, ಪೊದೆಯಿಂದ ಪೊದೆಗೆ ಹಾರಿದ ಒಂದು ಸಂಶಯ.

ಸಂಬಳದ ಮರುದಿನ
ದಾವಲಸಾಬರ ಚಷ್ಮಾ ಅಂಗಡಿಯ ಮೇಜಿನ ಮೇಲೆ
ಮೂರು ದುರ್ಬೀನು.
"ಇದು ತಗೋರಿ ಮೇಡಂ, ಹತ್ತು ಪಟ್ಟು, ಐವತ್ತರ ಗಾಜು,
ಚಂದ್ರನ ಮ್ಯಾಲಿನ ತೆಗ್ಗು ಸೈತ ಎಣಿಸಬಹುದು."
ಎತ್ತಿದೆ. ಕೊರಳೇ ಮೊದಲು ಬೇಡವೆಂದಿತು.
ಸರ್ಕಲಿನಾಚೆಯ ಅಕ್ಕಿ ಗಿರಣಿಯ ಹಲಗೆಗೆ ಹಿಡಿದರೆ
ಅಕ್ಷರ ಹತ್ತು ಪಟ್ಟು ದೊಡ್ಡವು,
ನನ್ನ ಕೈನಡುಕವೂ.
ಸೋನಾ ಮಸೂರಿಯ 'ಮ'ಕಾರದ ಮೇಲೆ
ನನ್ನದೇ ನಾಡಿ ಬಡಿಯುತ್ತಿತ್ತು.

ಎರಡನೆಯದು ಎಂಟುನೂರಕ್ಕೆ. ಮಾಣಿಕ್ಯದಂಥ ಕೆಂಪು ಲೇಪ.
ಅದನ್ನು ನೋಡಲು ಚಂದ, ಅದರಿಂದ ನೋಡಿದರೆ
ಊರಿಗೂರೇ ಹಸಿರು ಕಾಮಾಲೆ.
ಹಳದಿಯನ್ನೇ ಹುಡುಕಿ ಹೊರಟವಳಿಗೆ ಅದು ಯಾಕೆ?

ಮೂರನೆಯದು ಎಂಟು ಪಟ್ಟು, ಇಪ್ಪತ್ತೈದರ ಗಾಜು,
ಎರಡು ಸಾವಿರದ ಏಳುನೂರು. ಮಡಚಿದರೆ ಅಂಗೈಯಷ್ಟು.
ರಬ್ಬರಿನ ಬಟ್ಟಲು ಹಿಂದಕ್ಕೆ ಮಗುಚಿ ಕಣ್ಣಿಟ್ಟೆ;
ಚಷ್ಮಾ ತೆಗೆಯದೆಯೇ ಗಿರಣಿ ಪೂರ್ತಿ ದುಂಡಗೆ ಕಂಡಿತು,
ಅಂಚನ್ನು ಯಾವ ಕರಿ ನೆರಳೂ ಕಚ್ಚಲಿಲ್ಲ.
"ನಸುಕಿನ್ಯಾಗ ಇದು ಸ್ವಲ್ಪ ಮಬ್ಬು," ದಾವಲಸಾಬರು ತಾವಾಗಿಯೇ
ರಸೀದಿಯ ಬೆನ್ನಿಗೆ ಇಪ್ಪತ್ತೈದನ್ನು ಎಂಟರಿಂದ ಭಾಗಿಸಿದರು.
"ಮೂರು ಮಿಲಿಮೀಟರ್ ಬೆಳಕು ಬರತೈತಿ ಕಣ್ಣಿಗೆ. ಸುಳ್ಳ್ಯಾಕ ಹೇಳ್ಲಿ?"
ಆ ಮಾತಿಗೇ ಅರ್ಧ ವ್ಯಾಪಾರ ಮುಗಿಯಿತು.
ಉಳಿದರ್ಧ ಪಕ್ಕದ ಕಿರಾಣಿಯಲ್ಲಿ:
ಉಳ್ಳಾಗಡ್ಡಿ ಇಳಿಸಿ ತಕ್ಕಡಿಗೆ ದುರ್ಬೀನು ಏರಿಸಿದರು.
ಮುನ್ನೂರ ಮೂವತ್ತು ಗ್ರಾಮು.
ಹುಲಿಗೆಮ್ಮ ಬೆರಳು ಮಡಚಿದಳು,
"ಮೂರು ಖಟಕ ರೊಟ್ಟಿ, ಒಂದ್ ಡಬ್ಬಿ ಶೇಂಗಾ ಚಟ್ನಿ ಬಿಟ್ರ ಸರಿಹೋತು.
ನೀರು ಮಾತ್ರ ಒಂದ್ ಹನಿ ಬಿಡಂಗಿಲ್ಲ ನೋಡ್ರಿ."

ಆರನೆಯ ಭಾನುವಾರ. ಬಂಡೆ ಇನ್ನೂ ಕಾದಿರಲಿಲ್ಲ.
ಆನೆಗೊಂದಿಯ ಬಾಳೆತೋಟ, ಅದರಾಚೆಯ ಹೊಳೆ
ಎದ್ದು ಬಂದು ತೊಡೆಯ ಮೇಲೆ ಕೂತವು.
ಹಕ್ಕಿ ಕೂಗಿತು. ತಟ್ಟನೆ ಎತ್ತಿದೆ:
ಕಲ್ಲು, ಕಲ್ಲಿನ ಕಲೆ, ಜಾಲಿಮುಳ್ಳು, ಕಲ್ಲು.
ಎತ್ತ ನೋಡಬೇಕೆಂದು ದುರ್ಬೀನು ಹೇಳುವುದಿಲ್ಲ,
ಅಂಗಡಿಯಲ್ಲಿ ಅದನ್ನು ಯಾರೂ ತೂಗಿ ಕೊಟ್ಟಿರಲಿಲ್ಲ.

ಆಡು ಮೇಯಿಸುತ್ತಿದ್ದ ಮಾರೆವ್ವ, ಹತ್ತು ವರ್ಷವಿದ್ದೀತು,
ಬಂದವಳೇ ಕೈಯಿಂದ ಇಸಿದುಕೊಂಡಳು.
ತಿರುವಿ ಹಿಡಿದಳು,
ದೊಡ್ಡ ಗಾಜು ತನ್ನ ಕಡೆಗೆ, ಸಣ್ಣದು ಲೋಕದ ಕಡೆಗೆ.
"ಅಯ್ಯ, ನನ್ನ ಆಡೆಲ್ಲ ಇರಿವಿ ಆಗ್ಯಾವಲ್ಲ!"
ತಿದ್ದಲು ಚಾಚಿದ ನನ್ನ ಕೈ
ಅದನ್ನು ಹಾಗೆಯೇ, ತಲೆಕೆಳಗಾಗಿಯೇ, ಬಂಡೆಗೆ ಬಾಗಿಸಿತು,
ಕಲ್ಲಿಗೆ ಇನ್ನೇನು ತಾಗಬೇಕು ಅನ್ನುವಷ್ಟು:
ನಿಜದ ಇರುವೆಯೊಂದು ಎದ್ದುಬಂತು ಆಡಿನಷ್ಟಾಗಿ,
ಮೀಸೆ ತೀಡಿಕೊಳ್ಳುತ್ತ.
ಹನ್ನೊಂದು ವರ್ಷದ ಚಾಕರಿ
ಗುಡ್ಡದ ತನಕ ಬೆನ್ನು ಹತ್ತಿ ಬಂದಿತ್ತು.
ಯಾಕೋ ಬೇಸರವಾಗಲಿಲ್ಲ.
ಮೂವರೂ ಬೋರಲು ಬಿದ್ದು ಸರದಿಯಂತೆ ನೋಡಿದೆವು.

ಅಷ್ಟು ಹೊತ್ತೂ ಹಿಂದಿನ ಗುಂಡಿನ ಮೇಲೆ,
ಎರಡು ಮಾರು ದೂರದಲ್ಲಿ,
ಕೂತಿತ್ತಂತೆ.
"ಅದಾ? ಹಳದೀದು? ದಿನಾ ಬರತೈತಿ," ಅಂದಳು ಮಾರೆವ್ವ.
ಹುಲಿಗೆಮ್ಮ ಉಳಿದ ರೊಟ್ಟಿ ಮುರಿದು
ಮೂರು ಪಾಲು ಮಾಡಿದಳು, ಚಟ್ನಿಯಿಲ್ಲದೆ.